ಅಕ್ಕನ ಮನೆಯ ಏರು

ಮುಂದೆ ಹೋಗಕೂಡದು, ಕೈಹಿಡಿಯಕೂಡದು, ನಡೆಯುವವರು ಕೂತಾಗ ತಾವೂ ಕೂರಬೇಕು. 'ಆರೋಗ್ಯ ಮತ್ತು ಸಮಾಜ' ಎಂಬ ನನ್ನ ತರಗತಿಯ ಮೊದಲ ಪಾಠ ಇಷ್ಟೇ. ಪ್ರತಿವರ್ಷವೂ ವಿದ್ಯಾರ್ಥಿಗಳು ನಗರದ ವೃದ್ಧರೊಬ್ಬರ ಹಿಂದೆ, ಅವರದೇ ವೇಗದಲ್ಲಿ ನಡೆಯುತ್ತಾರೆ. ಈ ಸಲ ಒಪ್ಪಿಕೊಂಡಿದ್ದ ಹಿರಿಯರು ಜ್ವರವೆಂದು ಮಲಗಿಬಿಟ್ಟರು.

"ನಾನೇ ಬರ್ತೀನಿ ಬಿಡಿ," ಎಂದಳು ನನ್ನ ಹೆಂಡತಿ.

ಮಂಡಿ ಕೈಕೊಟ್ಟ ಮೇಲೆ ಅವಳು ಗೇಟು ದಾಟಿದವಳಲ್ಲ. ಎರಡು ಬೀದಿಯಾಚೆ, ಏರಿನ ತುದಿಯಲ್ಲಿ ಅವಳ ಅಕ್ಕನ ಮನೆ. ಅಕ್ಕನಿಗೆ ಇಳಿಯಲಾಗದು, ಇವಳಿಗೆ ಏರಲಾಗದು. ಕಾರಿನಲ್ಲಿ ಬಿಡುತ್ತೇನೆಂದರೆ, "ಅಕ್ಕನ ಮನೆಗೆ ಸಾಮಾನಿನ ಹಾಗೆ ಹೋಗ್ಲಾ?" ಎಂದು ಮುಖ ತಿರುಗಿಸುತ್ತಿದ್ದಳು.

"ಎಲ್ಲಿಗೆ ಅಜ್ಜಿ?" ಕೇಳಿದಳು ತರಗತಿಯ ಬಾಯಿಬಡುಕಿ.

"ಅಜ್ಜಿ ನಿಮ್ಮನೇಲಿರ್ತಾರೆ. ಆಂಟಿ ಅನ್ನು. ಅಕ್ಕನ ಮನೆಗೆ."

ವಿದ್ಯಾರ್ಥಿಗಳು ನಕ್ಷೆಯಲ್ಲಿ ಆಸ್ಪತ್ರೆ, ಔಷಧದಂಗಡಿಗಳನ್ನೆಲ್ಲ ಬಣ್ಣದಲ್ಲಿ ಗುರುತಿಸಿದ್ದರು. ಕೂರುವ ಜಾಗ ಒಂದನ್ನೂ ಗುರುತಿಸಿರಲಿಲ್ಲ. ಎಳೆಯ ಕಾಲುಗಳಿಗೆ ಅದು ಹೊಳೆಯುವುದಾದರೂ ಹೇಗೆ? ದಾರಿಯಲ್ಲಿ ನನ್ನ ಹೆಂಡತಿ ಬ್ಯಾಂಕಿನ ಮೆಟ್ಟಿಲ ಮೇಲೆ ಕುಳಿತಾಗ ಎಲ್ಲರೂ ಸುತ್ತ ಕುಳಿತುಬಿಟ್ಟರು.

"ಏನ್ರೀ, ಮುಷ್ಕರಾನಾ?" ದಾರಿಹೋಕನೊಬ್ಬ ಕೇಳಿದ.

"ಹೌದಪ್ಪ, ನನ್ನ ಮಂಡೀದು," ಎಂದಳು.

ಏರಿನಲ್ಲಿ ನಗು ನಿಂತಿತು. ಒಂದು ದರ್ಜಿಯಂಗಡಿ ಬಿಟ್ಟರೆ ಎರಡೂ ಕಡೆ ಬರೀ ಕಾಂಪೌಂಡು, ಗೋಡೆಯ ನೆತ್ತಿಯ ಮೇಲೆಲ್ಲ ಒಡೆದ ಗಾಜು. ಅರ್ಧದಲ್ಲಿ ಅವಳು ದೀಪದ ಕಂಬ ಹಿಡಿದು ನಿಂತಳು. ಮೇಲೆ ಬಾಲ್ಕನಿಯಲ್ಲಿ ಅಕ್ಕ ಹಣೆಗೆ ಕೈಯಿಟ್ಟು ನೋಡುತ್ತಿದ್ದರು.

"ಸಾಕು ರೀ. ತಿರುಗೋಣ," ಎಂದಳು, ಮೇಲಕ್ಕೆ ಕೇಳಿಸದಷ್ಟು ಮೆಲ್ಲಗೆ.

ನಾನು ಕೈ ಚಾಚಿದೆ.

"ಸಾರ್, ಕೈಹಿಡಿಯಕೂಡದು!" ಬಾಯಿಬಡುಕಿ ಕೂಗಿ, ಎದುರಿನ ದರ್ಜಿಯ ಅಂಗಡಿಗೆ ಓಡಿದಳು. "ಮಾಮಾ, ಒಂದು ಕುರ್ಚಿ ಕೊಡ್ತೀರಾ?"

"ಗಿರಾಕಿ ಬಂದ್ರೆ ನನ್ನ ತಲೆ ಮೇಲೆ ಕೂರಿಸ್ಲಾ?" ಎಂದು ಗೊಣಗುತ್ತಲೇ ದರ್ಜಿ ಕುರ್ಚಿಯನ್ನು ತಾನೇ ಎತ್ತಿ ತಂದ.

"ಕುರ್ಚಿ ಕೊಡಕೂಡದು ಅಂತ ನೀವು ಹೇಳಿಲ್ಲ ಸಾರ್."

ನಾನು ಚಾಚಿದ ಕೈ ಹಿಂದೆಗೆದೆ. ಹೆಂಡತಿ ಕುಳಿತಳು, ಏರಿನುದ್ದಕ್ಕೂ ಮಕ್ಕಳು ಕುಳಿತರು.

"ಯಾರೇ ಇವರೆಲ್ಲ? ದಂಡು ಕಟ್ಕೊಂಡು ಬಂದಿದೀಯ!" ಮೇಲಿನಿಂದ ಅಕ್ಕನ ದನಿ.

"ನಮ್ಮನೆಯವರ ಪಾಠ ಕಣಕ್ಕಾ! ಬಾಗಿಲು ತೆಗಿ, ಬಂದೆ!"

ಉಸಿರು ಹದಕ್ಕೆ ಬಂದ ಮೇಲೆ ಎದ್ದಳು. ಉಳಿದರ್ಧವನ್ನು ಮುಗಿಲು ಸರಿಯುವ ನಿಧಾನದಲ್ಲಿ ನಡೆದಳು. ಬಾಗಿಲಲ್ಲಿ ಅಕ್ಕ ತಂಗಿಯ ಹಣೆಗೆ ಬಿದ್ದಿದ್ದ ನರೆಗೂದಲನ್ನು ಕಿವಿಯ ಹಿಂದಕ್ಕೆ ಸರಿಸಿದರು, ಶಾಲೆಗೆ ಕಳಿಸುವ ಹುಡುಗಿಗೆ ಸರಿಸುವ ಹಾಗೆ.

ಬಾಯಿಬಡುಕಿ ನಕ್ಷೆ ಬಿಡಿಸಿ, ಏರಿನ ನಡುವೆ ಒಂದು ಪುಟ್ಟ ಕುರ್ಚಿ ಬರೆದಳು.

ಸಂಜೆ ನಾನೂ ಹೆಂಡತಿಯೂ ಇಬ್ಬರೇ ಇಳಿದೆವು. ಕುರ್ಚಿ ಅಲ್ಲೇ, ಕಂಬದ ಬುಡದಲ್ಲೇ ಇತ್ತು. "ಇಳಿಯೋರಿಗೂ ಬೇಕಲ್ವಾ?" ಎಂದ ದರ್ಜಿ, ಹೊಲಿಗೆಯಿಂದ ತಲೆಯೆತ್ತದೆ.

ಅವಳು ಕುಳಿತು, ದಣಿವಾರಿಸಿಕೊಂಡು, ನನ್ನತ್ತ ಕೈ ನೀಡಿದಳು.

"ಪಾಠ ಮುಗೀತಲ್ಲ ಮೇಷ್ಟ್ರೇ. ಈಗ ಹಿಡೀಬಹುದು."