ಒಡೆಯದ ಮೇಣದ ಪೊಟ್ಟಣ

ಡೆಲ್ಫೀನ್ ಉಗ್ರಾಣದ ಮೇಲಿನ ಹಲಗೆಯಲ್ಲಿ ಕಾಫಿಪುಡಿಯ ಡಬ್ಬಕ್ಕಾಗಿ ತಡಕಾಡುತ್ತಿದ್ದಾಗ ಅಡುಗೆಮೇಣದ ಪೊಟ್ಟಣ ಜಾರಿ ಅವಳ ಕಪ್ಪು ಬೂಟಿನ ಮೇಲೆ ಬಿತ್ತು. ಬಗ್ಗಿ ಎತ್ತಿಕೊಂಡಳು. ವಾಪಸ್ಸು ಇಡುವ ಮುನ್ನ ಸುಮ್ಮನೆ ತಿರುಗಿಸಿ ನೋಡಿದಳು. ಅಂಚುಗಳ ಅಂಟು ಹಾಗೇ ಇತ್ತು. ಯಾರೂ ಬಿಚ್ಚಿರಲಿಲ್ಲ.

ಅಂಗಳದಲ್ಲಿ ಕಾರಿನ ಡಿಕ್ಕಿ ಮುಚ್ಚಿದ ಸದ್ದಾಯಿತು. ಪಕ್ಕದ ಮನೆಯ ಕೊರೀನ್ ಹಿತ್ತಿಲ ಬಾಗಿಲಿಂದ ಕೂಗಿದಳು.

"ಉಂಡೆ ಡಬ್ಬಗಳೆಲ್ಲಾ ಕಾರಿಗೆ ತುಂಬಾಯ್ತು ಕಣೇ. ಇನ್ನೂ ಏನು ಹುಡುಕ್ತಿದೀಯ? ನಿಮ್ಮಮ್ಮ ಒಂದಿನಾನೂ ಚರ್ಚಿಗೆ ತಡವಾಗಿ ಹೋದವಳಲ್ಲ. ಇವತ್ತು ಅವಳನ್ನ ಪೆಟ್ಟಿಗೇಲಿ ಮಲಗಿಸಿ ಕಾಯಿಸ್ಬೇಡ."

"ನೀವು ಹೊರಡಿ ಚಿಕ್ಕಮ್ಮ. ಹಿಂದೇನೇ ಬರ್ತೀನಿ."

ಕಾರು ಹೋಯಿತು. ಡೆಲ್ಫೀನ್ ಪೊಟ್ಟಣ ಹಿಡಿದುಕೊಂಡು ಅಲ್ಲೇ ನಿಂತಳು.

ಪ್ರತಿ ಕ್ರಿಸ್‌ಮಸ್‌ಗೂ ಅಮ್ಮ, ಆರ್ಲೀತಾ, ಪೆಕಾನ್ ಉಂಡೆ ಮಾಡುತ್ತಿದ್ದಳು. ಹಿತ್ತಿಲ ಮರದ ಪೆಕಾನ್ ಬೀಜವನ್ನು ತರಿಯಾಗಿ ಕೊಚ್ಚಿ, ತೆಂಗಿನ ತುರಿ, ಬೆಣ್ಣೆ, ಗಟ್ಟಿಹಾಲು, ಸಕ್ಕರೆಪುಡಿ ಸೇರಿಸಿ ಕಲೆಸಿ, ಉಂಡೆ ಕಟ್ಟಿ, ಚೆನ್ನಾಗಿ ತಣಿದ ಮೇಲೆ ಕರಗಿದ ಚಾಕಲೇಟಿನಲ್ಲಿ ಅದ್ದಿ ತೆಗೆಯುವುದು. ಚಾಕಲೇಟ್ ಕರಗುವಾಗ ಅದಕ್ಕೊಂದು ತುಂಡು ಮೇಣ ತುರಿದು ಹಾಕಬೇಕು. ಈ ಕಡೆಯ ಹೆಂಗಸರೆಲ್ಲ ಹಾಕುತ್ತಾರೆ. ಮೇಣ ಬಿದ್ದರೆ ಉಂಡೆ ಹೊಳೆಯುತ್ತದೆ, ಹಿಡಿದ ಕೈಗೆ ಅಂಟುವುದಿಲ್ಲ. ಒಂದೊಂದರ ನೆತ್ತಿಗೂ ಅರ್ಧ ಪೆಕಾನ್ ಒತ್ತಿ, ನೆರಿಗೆಯಿದ್ದ ಚಿನ್ನದ ಬಣ್ಣದ ಕಾಗದದ ಬಟ್ಟಲಿನಲ್ಲಿ ಕೂರಿಸಿದರೆ ಅದು ಆರ್ಲೀತಾಳ ಉಂಡೆ. ಈ ವರ್ಷವೂ ಅವಳು ಮಾಡಿದ್ದಳು. ತಗಡಿನ ಡಬ್ಬಗಳಿಗೆ ತುಂಬಿ, ಹಂಚುವ ಮೊದಲೇ, ನಿದ್ದೆಯಲ್ಲೇ ಹೋಗಿಬಿಟ್ಟಿದ್ದಳು. ಮಣ್ಣು ಮಾಡಿ ಬಂದ ಮೇಲೆ ಊಟದ ಹೊತ್ತಿಗೆ ಅವಳ ಕೊನೆಯ ಉಂಡೆಗಳನ್ನು ಎಲ್ಲರಿಗೂ ಕೊಡಬೇಕೆಂದು ಕೊರೀನ್ ಹಟ ಹಿಡಿದಿದ್ದಳು.

ಮನೆಯಲ್ಲಿದ್ದುದು ಇದೊಂದೇ ಪೊಟ್ಟಣ. ಇದನ್ನು ಬಿಚ್ಚದೆ ಅಮ್ಮ ಚಾಕಲೇಟಿಗೆ ಏನು ಹಾಕಿದಳು?

ಡೆಲ್ಫೀನ್ ಕಣ್ಣೆತ್ತಿದಳು. ಮೇಣವಿದ್ದ ಜಾಗದ ಪಕ್ಕದಲ್ಲೇ ಇಲಿಮದ್ದಿನ ಪೊಟ್ಟಣವಿತ್ತು. ಮೇಣದಲ್ಲಿ ಗಟ್ಟಿ ಮಾಡಿದ ಹಸಿರು ಬಿಲ್ಲೆಗಳು. ಅದು ಬಿಚ್ಚಿತ್ತು. ಎರಡು ಬಿಲ್ಲೆಯ ಜಾಗ ಖಾಲಿಯಿತ್ತು.

*

ಇಲಿಮದ್ದು ತಂದವಳು ಡೆಲ್ಫೀನಳೇ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಮೇಲೆ ಅಡುಗೆಮನೆಯಲ್ಲಿ ಇಲಿಗಳ ಓಡಾಟ ಶುರುವಾಗಿತ್ತು.

"ಇದನ್ನ ನೀನು ಮುಟ್ಬೇಡ ಅಮ್ಮ. ಭಾನುವಾರ ನಾನೇ ಇಡ್ತೀನಿ."

"ನನಗೇನು ಇಲಿಮದ್ದು ಇಡೋಕೂ ಬರಲ್ವಾ? ನಿನಗೆ ಹಲ್ಲು ಬರೋಕೆ ಮುಂಚೆಯಿಂದ ಈ ಮನೆ ಇಲಿ ಕೊಂದಿದೀನಿ."

"ಗೊತ್ತು. ಆದ್ರೂ ಮುಟ್ಬೇಡ."

ಆ ಭಾನುವಾರ ಡೆಲ್ಫೀನಳಿಗೆ ಮರೆತುಹೋಯಿತು. ಅದರ ಮುಂದಿನ ಭಾನುವಾರವೂ.

ಮರೆವು ಅಮ್ಮನದು, ತನ್ನದಲ್ಲ ಎಂದುಕೊಂಡಿದ್ದಳು ಡೆಲ್ಫೀನ್. ಪೆಕಾನ್ ಕಾರ್ಖಾನೆಯಲ್ಲಿ ವಯಸ್ಸೆಲ್ಲ ಕಳೆದವಳು ಅಮ್ಮ. ಓಡುವ ಪಟ್ಟಿಯ ಮೇಲೆ ಹರಿದುಬರುವ ಬೀಜಗಳ ನಡುವೆ ಗಟ್ಟಿ ಚಿಪ್ಪಿನ ಚೂರನ್ನು, ಪಕ್ಕದವಳ ಜೊತೆ ಹರಟುತ್ತಲೇ, ನೋಡದೆ ಆರಿಸಿ ಎಸೆಯುತ್ತಿದ್ದ ಬೆರಳುಗಳು ಅವಳವು. ಹೋದ ವರ್ಷ ಅದೇ ಅಮ್ಮ ಕಡ್ಡಿಗೆ ಚುಚ್ಚಿದ ಉಂಡೆಯನ್ನು ಚಾಕಲೇಟಿನ ಪಾತ್ರೆಯ ಮೇಲೆ ಹಿಡಿದು ನಿಂತುಬಿಟ್ಟಿದ್ದಳು. ಚಾಕಲೇಟ್ ಸೀಯುವ ವಾಸನೆ ಬಂದು ಡೆಲ್ಫೀನ್ ಒಳಗೆ ಓಡಿದಾಗ ಕೇಳಿದಳು: "ಇದನ್ನ ಏನ್ ಮಾಡ್ಬೇಕು, ಮಗಳೇ?"

ಅವತ್ತು ಅಮ್ಮನ ಕಣ್ಣಲ್ಲಿದ್ದ ಹೆದರಿಕೆಯನ್ನು ಡೆಲ್ಫೀನ್ ಯಾರಿಗೂ ಹೇಳಲಿಲ್ಲ. ಆರ್ಲೀತಾಳಿಗೆ ಬುದ್ಧಿ ನೆಟ್ಟಗಿಲ್ಲ ಎಂದು ಚರ್ಚಿನ ಹೆಂಗಸರು ತಲೆಯಾಡಿಸುವುದು ಅವಳಿಗೆ ಬೇಕಿರಲಿಲ್ಲ. ಯಾರಾದರೂ ಮನೆಗೆ ಬಂದರೆ ತಾನೇ ಮುಂದಾಗಿ ಅವರ ಹೆಸರು ಹಿಡಿದು ಕರೆಯುತ್ತಿದ್ದಳು, ಅಮ್ಮ ಕೇಳಿಸಿಕೊಳ್ಳಲಿ ಎಂದು. ಈ ವರ್ಷ ಉಂಡೆ ಮಾಡುವ ದಿನ ಅಮ್ಮ ಅವಳನ್ನು ಕೆಲಸಕ್ಕೆ ಅಟ್ಟಿದ್ದಳು. "ಒಲೆ ಮುಂದೆ ಇಬ್ರು ನಿಂತ್ರೆ ಚಾಕಲೇಟ್ ಕೆಡುತ್ತೆ. ನೀನು ಹೋಗು." ಅವಳು ಹೋಗಿದ್ದಳು. ಸಂಜೆ ಬಂದಾಗ ಮೇಜಿನ ತುಂಬ ಚಿನ್ನದ ಬಣ್ಣದ ಬಟ್ಟಲುಗಳು. ಸಕ್ಕರೆ ಕಾಯಿಲೆಯ ಡೆಲ್ಫೀನ್ ಒಂದನ್ನೂ ಬಾಯಿಗಿಡಲಿಲ್ಲ. ಪಾಠ ಒಪ್ಪಿಸಿದ ಹುಡುಗಿಯ ಹಾಗೆ ನಿಂತಿದ್ದ ಅಮ್ಮನನ್ನು ಅಪ್ಪಿಕೊಂಡಿದ್ದಳು, ಅಷ್ಟೇ.

*

ಡೆಲ್ಫೀನ್ ಟಾರ್ಚು ಹಿಡಿದು ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ, ಹಿಟ್ಟಿನ ಡಬ್ಬದ ಹಿಂದೆ, ಉಗ್ರಾಣದ ಮೂಲೆಗಳಲ್ಲಿ ಹುಡುಕಿದಳು. ಬಿಲ್ಲೆ ಎಲ್ಲೂ ಇರಲಿಲ್ಲ. ಹಸಿರು ಬಣ್ಣ ಕರಿ ಚಾಕಲೇಟಿನಲ್ಲಿ ಕರಗಿದರೆ ಯಾರಿಗೆ ಕಾಣುತ್ತದೆ?

ಆಮೇಲೆ ಇನ್ನೊಂದು ನೆನಪಾಯಿತು. ಮೊದಲ ಉಂಡೆಯನ್ನು ಅಮ್ಮ ಯಾವಾಗಲೂ ತಾನೇ ತಿನ್ನುತ್ತಿದ್ದಳು. ತಾನು ತಿನ್ನದ್ದನ್ನು ಇನ್ನೊಬ್ಬರಿಗೆ ಹೇಗೆ ಕೊಡಲಿ ಎನ್ನುತ್ತಿದ್ದಳು. ಸತ್ತ ದಿನ ಅವಳ ತೋಳಿನ ಮೇಲೆ ನೀಲಿ ಮಚ್ಚೆಗಳಿದ್ದವು. ಹೃದಯ ನಿಂತಿದೆ, ಮಚ್ಚೆ ರಕ್ತ ತೆಳುವಾಗಿಸುವ ಮಾತ್ರೆಯಿಂದ ಎಂದಿದ್ದರು ಡಾಕ್ಟರು. ಇಲಿಮದ್ದಿನ ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಡೆಲ್ಫೀನ್ ಓದಿದಳು. ತಿಂದ ಇಲಿಗಳು ಒಳಗೊಳಗೇ ರಕ್ತ ಸೋರಿ ಸಾಯುತ್ತವೆ ಎಂದಿತ್ತು.

ಪೊಟ್ಟಣ ಕೆಳಗಿಟ್ಟು ಕಾರಿನ ಕೀಲಿ ತೆಗೆದುಕೊಂಡಳು.

ಚರ್ಚಿನ ಬಾಗಿಲಲ್ಲಿ ಮನೆಯವರು ಸಾಲಾಗಿ ನಿಂತಾಗಿತ್ತು. ಪಾಸ್ಟರ್ ಟಾಲ್ಬರ್ಟ್ ಬೈಬಲ್ ಎದೆಗೊತ್ತಿಕೊಂಡು ಅವಳಿಗಾಗಿಯೇ ಕಾಯುತ್ತಿದ್ದರು. ಅವಳು ಕೊರೀನಳ ತೋಳು ಹಿಡಿದಳು.

"ಡಬ್ಬಗಳೆಲ್ಲಿ?"

"ಊಟದ ಹಾಲ್‌ನಲ್ಲಿ ಜೋಡಿಸಿಟ್ಟಿದೀನಿ. ಯಾಕೇ, ಕೈ ಹಿಂಗೆ ಮಂಜುಗಡ್ಡೆ ಆಗಿದೆ?"

"ಯಾರೂ ಮುಟ್ಟಿಲ್ಲ ತಾನೆ?"

"ಹೆಣ ಇನ್ನೂ ಮೇಲಿರುವಾಗ ತಿಂಡಿಗೆ ಕೈ ಹಾಕ್ತಾರಾ? ನಡಿ."

ಹಾಡು ಶುರುವಾಯಿತು. ಡೆಲ್ಫೀನ್ ಮೊದಲ ಸಾಲಿನಲ್ಲಿ, ತೆರೆದ ಪೆಟ್ಟಿಗೆಯ ಎದುರು ಕೂತಳು. ಅಮ್ಮನಿಗೆ ಬಿಳಿ ಉಡುಪು ತೊಡಿಸಿದ್ದರು. ಉದ್ದ ತೋಳಿನದು. ಇನ್ನೂ ಹೊತ್ತಿದೆ ಎಂದುಕೊಂಡಳು ಡೆಲ್ಫೀನ್. ಮಣ್ಣು ಮಾಡುವವರೆಗೆ ಯಾರೂ ಹಾಲ್‌ಗೆ ಹೋಗುವುದಿಲ್ಲ. ಎಲ್ಲರಿಗಿಂತ ಮೊದಲು ಹೋಗಿ ಡಬ್ಬಗಳನ್ನು ಕಾರಿಗೆ ತುಂಬಿಬಿಡಬೇಕು. ಬೂಷ್ಟು ಹಿಡಿದಿದೆ ಎಂದರಾಯಿತು. ಅಮ್ಮನ ಮರೆವು ಅಮ್ಮನ ಜೊತೆಗೇ ಮಣ್ಣಿಗೆ ಹೋಗುತ್ತದೆ.

"ನಮ್ಮ ಸಹೋದರಿ ಆರ್ಲೀತಾಳ ಕೈಯಿಂದ ಸಿಹಿ ತಿನ್ನದವರು ಈ ಊರಲ್ಲಿ ಯಾರಿದ್ದಾರೆ?" ಎಂದರು ಪಾಸ್ಟರ್. "ಆಮೆನ್" ಎಂದವು ಕೆಲವು ಧ್ವನಿಗಳು. ಯಾರೋ ಕೆಮ್ಮಿದರು.

ಆಗ ಹಿಂದಿನ ಸಾಲಿನಿಂದ ಕಾಗದ ಬಿಡಿಸುವ ಸದ್ದು ಕೇಳಿಸಿತು. ನೆರಿಗೆ ಕಾಗದದ ಸಣ್ಣ ಸರಸರ.

"ಒಂದೇ ಒಂದು," ಎಂದು ಪಿಸುಗುಟ್ಟುತ್ತಿದ್ದಳು ಬರ್ನೀಸ್. ಹಿಂದಿನ ದಿನವಷ್ಟೇ ಡೆಟ್ರಾಯಿಟ್‌ನಿಂದ ಬಂದ ದೂರದ ಸಂಬಂಧದ ಅಕ್ಕ ಅವಳು. "ತಿಂದು ಸುಮ್ನೆ ಕೂತ್ಕೋಬೇಕು, ಆಯ್ತಾ?"

ಡೆಲ್ಫೀನ್ ತಿರುಗಿದಳು. ಬರ್ನೀಸಳ ಮೊಮ್ಮಗಳು ನಯಾ ಎರಡೂ ಕೈಯಲ್ಲಿ ಚಿನ್ನದ ಬಣ್ಣದ ಬಟ್ಟಲು ಹಿಡಿದಿದ್ದಳು. ತುಟಿಯ ಸುತ್ತ ಚಾಕಲೇಟ್.

"ತಿನ್ಬೇಡ! ಉಗಿ! ಬಾಯಿಂದ ಉಗಿ ಅದನ್ನ!"

ಆ ಕೂಗು ತನ್ನದೇ ಎಂದು ಡೆಲ್ಫೀನಳಿಗೆ ತಿಳಿದದ್ದು ಇಡೀ ಚರ್ಚು ತನ್ನನ್ನೇ ನೋಡಿದಾಗ. ಆರ್ಗನ್ ವಾದ್ಯ ನಿಂತಿತು. ಮಗು ಹೆದರಿ ಅಳತೊಡಗಿತು.

"ಏನಾಯ್ತೇ ನಿನಗೆ?" ಬರ್ನೀಸ್ ಸಿಡುಕಿದಳು. "ಒಂದು ಉಂಡೆಗೆ ಹಿಂಗಾಡ್ತೀಯಾ, ನಿಮ್ಮಮ್ಮನ ಹೆಣದ ಮುಂದೆ?"

ಡೆಲ್ಫೀನ್ ಪೆಟ್ಟಿಗೆಯ ಕಡೆ ಒಮ್ಮೆ ನೋಡಿದಳು. ಮತ್ತೆ ನೋಡಲಿಲ್ಲ.

"ಅಮ್ಮನಿಗೆ ಮರೆವಿತ್ತು," ಎಂದಳು. "ಹೋದ ವರ್ಷದಿಂದ. ನಾನು ಯಾರಿಗೂ ಹೇಳ್ಲಿಲ್ಲ. ಮೇಣದ ಪೊಟ್ಟಣ ಹಂಗೇ ಇದೆ, ಇಲಿಮದ್ದಿನ ಬಿಲ್ಲೆ ಎರಡು ಕಾಣ್ತಿಲ್ಲ. ಚಾಕಲೇಟಿಗೆ ಅದನ್ನೇ ಹಾಕಿಬಿಟ್ಟಳೋ ಏನೋ. ನನಗೆ ಗೊತ್ತಿಲ್ಲ. ದಯವಿಟ್ಟು ಯಾರೂ ತಿನ್ಬೇಡಿ."

ಚರ್ಚಿನ ನರ್ಸು, ಸಿಸ್ಟರ್ ಪರ್ನೆಲ್, ಗೋಡೆಯ ಪಕ್ಕದಿಂದ ದಾಪುಗಾಲಿಟ್ಟು ಬಂದಳು. ಬಿಳಿ ಗ್ಲೌಸು ತೊಟ್ಟ ಬೆರಳನ್ನು ಮಗುವಿನ ಬಾಯೊಳಗೆ ಹಾಕಿ ಒಳಗಿದ್ದದ್ದನ್ನೆಲ್ಲ ಗೋರಿ ತೆಗೆದಳು.

"ಎಷ್ಟು ನುಂಗಿದೆ, ಕಂದಾ?"

"ಸ್ವಲ್ಪ. ಚೆನ್ನಾಗಿತ್ತು," ಎಂದಿತು ಮಗು ಬಿಕ್ಕುತ್ತ.

ಉಳಿದ ಉಂಡೆಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಪರ್ನೆಲ್ ಮಗುವನ್ನು ಎತ್ತಿಕೊಂಡಳು. ಗ್ಲೌಸಿನ ಬೆರಳುಗಳೆಲ್ಲ ಕಂದು ಬಣ್ಣವಾಗಿದ್ದವು. ಕೊರೀನ್ ಆ ಗ್ಲೌಸನ್ನೇ ನೋಡುತ್ತಿದ್ದಳು. ಬರ್ನೀಸ್ ಹಿಮ್ಮಡಿ ಎತ್ತರದ ಬೂಟು ಕಳಚಿ ಕೈಯಲ್ಲಿ ಹಿಡಿದು ಅವರ ಹಿಂದೆ ಓಡಿದಳು. ಹೊರಗೆ ಕಾರು ಹೊರಟಿತು.

"ಇನ್ಯಾರು ತಿಂದಿದೀರಿ?" ಡೆಲ್ಫೀನ್ ಕೇಳಿದಳು. "ಹೇಳಿ. ಯಾರು ತಿಂದಿದೀರಿ?"

ಚರ್ಚಿನ ಹಿರಿಯ ಸೇವಕರಾದ ವಯಸ್ಸಾದ ಡೀಕನ್ ಹೆಜ್ ಕೋಲೂರಿ ಎದ್ದು ನಿಂತರು.

"ಕೂತ್ಕೋ ಮಗಳೇ. ನಾವ್ಯಾರೂ ತಿನ್ನಲ್ಲ."

"ಅಂದ್ರೆ?"

"ಹೋದ ವರ್ಷದ ಉಂಡೇಲಿ ಚಿಪ್ಪು ಸಿಕ್ಕಿ ನನ್ನ ಹಲ್ಲು ಮುರೀತು. ಆರ್ಲೀತಾಳ ಕೈ ದಾಟಿ ಚಿಪ್ಪು ಬರೋದು ಅಂದ್ರೇನು? ಅವತ್ತೇ ಗೊತ್ತಾಯ್ತು ನಂಗೆ."

"ನಂಗೆ ಗುಂಡಿ ಸಿಕ್ತು," ಎಂದಳು ಹಾಡುವವರ ಸಾಲಿನಿಂದ ಒಬ್ಬಳು. "ಅಂಗಿ ಗುಂಡಿ."

"ನಮ್ಮದ್ರಲ್ಲಿ ಬರೀ ಉಪ್ಪು," ಎಂದರು ಇನ್ನೊಬ್ಬರು.

ಡೆಲ್ಫೀನ್ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕ್ರಿಸ್‌ಮಸ್ ಮರುದಿನ ಬಾಗಿಲಿಗೆ ಬಂದು, ಖಾಲಿ ಡಬ್ಬ ತೊಳೆದು ಕೊಟ್ಟು, ಈ ಸಲದ್ದೇ ಎಲ್ಲಕ್ಕಿಂತ ಚೆನ್ನಾಗಿತ್ತು ಎಂದು ಅಮ್ಮನ ಕೆನ್ನೆಗೆ ಮುತ್ತಿಟ್ಟು ಹೋದವರು ಇವರೇ.

"ಮತ್ತೆ ಅಮ್ಮನಿಗೆ ಹಂಗೆ ಯಾಕೆ ಹೇಳಿದ್ರಿ?"

"ಇನ್ನು ಹೆಂಗೆ ಹೇಳ್ಬೇಕಿತ್ತು?" ಎಂದರು ಡೀಕನ್.

"ನನಗಾದ್ರೂ ಹೇಳಬಹುದಿತ್ತಲ್ಲ!"

"ನೀನು ನಮಗೆ ಹೇಳಿದ್ಯಾ?" ಎಂದಳು ಕೊರೀನ್ ಮೆಲ್ಲಗೆ, ಅವಳ ಕೋಟಿನ ಅಂಚು ಹಿಡಿದು ಕೂರಿಸುತ್ತ. "ಇವತ್ತೂ ಡಬ್ಬ ತಗೊಂಡು ಹೋಗಿ ಕಸಕ್ಕೆ ಹಾಕ್ತಿದ್ವಿ. ಹೊರಗಿನವರು ಬರ್ತಾರೆ, ಅವರಿಗೆ ಗೊತ್ತಿರಲ್ಲ ಅಂತ ನನ್ನ ಹಾಳು ತಲೆಗೆ ಹೊಳೀಲೇ ಇಲ್ಲ. ಮೇಜಿನ ಮೇಲೆ ಚೆಂದ ಕಾಣ್ಲಿ ಅಂತಿದ್ದೆ ಅಷ್ಟೇ."

ಪಾಸ್ಟರ್ ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದರು. ಅವರು ಯಾರಿಗಾಗಿ ಪ್ರಾರ್ಥಿಸುತ್ತಿದ್ದಾರೆ, ಪೆಟ್ಟಿಗೆಯಲ್ಲಿದ್ದವಳಿಗಾಗಿಯೋ ಆ ಮಗುವಿಗಾಗಿಯೋ, ಡೆಲ್ಫೀನಳಿಗೆ ತಿಳಿಯಲಿಲ್ಲ.

*

ಅಮ್ಮನಿಗೆ ಮಣ್ಣು ಹಾಕಿದ ಸಲಿಕೆಯಿಂದಲೇ ಚರ್ಚಿನ ಹಿಂದೆ ಇನ್ನೊಂದು ಗುಂಡಿ ತೋಡಿದರು. ಡಬ್ಬಗಳನ್ನು ಒಂದೊಂದಾಗಿ ತಂದು ಸುರಿದರು. ನಾಯಿಗಳು ಕೆದಕದಿರಲೆಂದು ಡೀಕನ್ ಮೇಲೆ ಇಟ್ಟಿಗೆ ಹೇರಿಸಿದರು. ಊಟದ ಹಾಲ್‌ನಲ್ಲಿ ಕರಿದ ಕೋಳಿ, ಹುರುಳಿಕಾಯಿ, ಗೆಣಸಿನ ಕಡುಬು ಎಲ್ಲ ಇತ್ತು. ಜನ ತಟ್ಟೆ ಹಿಡಿದು ಕೂತಿದ್ದರು. ಯಾರೂ ಸರಿಯಾಗಿ ತಿನ್ನಲಿಲ್ಲ. ಮಗುವಿನ ರಕ್ತ ಪರೀಕ್ಷೆಗೆ ಕೊಟ್ಟಿದ್ದಾರೆ, ಫಲಿತಾಂಶ ಬರಬೇಕು ಎಂದು ಆಸ್ಪತ್ರೆಯಿಂದ ಪರ್ನೆಲ್ ಫೋನ್ ಮಾಡಿದ್ದಳು. ಇಲಿಮದ್ದಾದರೆ ತಕ್ಷಣಕ್ಕೆ ಗೊತ್ತಾಗುವುದಿಲ್ಲವಂತೆ. ದಿನಗಳು ಬೇಕಂತೆ.

ಸಂಜೆ ಡೆಲ್ಫೀನ್ ಮನೆಗೆ ಬಂದಾಗ ಕೊರೀನಳೂ ಜೊತೆಗೆ ಬಂದಳು. ಕೋಟು ತೆಗೆಯದೆ ಇಬ್ಬರೂ ಅಡುಗೆಮನೆಯಲ್ಲಿ ಕೂತರು.

"ಪರ್ನೆಲಳ ಗ್ಲೌಸು ನೋಡಿದ್ಯಾ?" ಎಂದಳು ಕೊರೀನ್. "ಚಾಕಲೇಟ್ ಹೆಂಗೆ ಮೆತ್ತಿಕೊಂಡಿತ್ತು. ನಿಮ್ಮಮ್ಮನ ಉಂಡೆ ಕೈಗೆ ಅಂಟಿದ್ದೇ ಇಲ್ಲ. ಈ ಸಲ ಮೇಣ ಹಾಕೋದನ್ನೇ ಮರೆತಿದಾಳೆ ಅನ್ಸುತ್ತೆ. ಏನೂ ಹಾಕಿಲ್ಲ."

"ಹಂಗಾದ್ರೆ ಆ ಬಿಲ್ಲೆ ಎಲ್ಲಿ ಹೋಯ್ತು ಚಿಕ್ಕಮ್ಮ?"

ಫೋನು ಗೋಡೆಯ ಮೇಲೆ ಸುಮ್ಮನಿತ್ತು.

ಒಲೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ಪೊರಕೆ ಸಿಕ್ಕಿಕೊಂಡಿತ್ತು. ಬೆಳಿಗ್ಗೆಯೂ ಅದು ಅಲ್ಲೇ ಇತ್ತು, ಡೆಲ್ಫೀನ್ ನೋಡಿಯೂ ನೋಡಿರಲಿಲ್ಲ. ಈಗ ಎಳೆದಳು. ಅದು ತಲೆಕೆಳಗಾಗಿತ್ತು. ಕೋಲಿನ ತುದಿ ಕೆಳಗೆ, ಯಾರೋ ಅದರಿಂದ ಏನನ್ನೋ ಒಳಕ್ಕೆ ತಳ್ಳಿದ ಹಾಗೆ.

"ಈ ಕಡೆ ಹಿಡೀರಿ," ಎಂದಳು.

"ಇಷ್ಟು ಭಾರದ್ದನ್ನ ನಾವಿಬ್ರೇ?"

"ಹಿಡೀರಿ ಚಿಕ್ಕಮ್ಮ."

ಇಬ್ಬರೂ ಸೇರಿ ಒಲೆಯನ್ನು ಎಳೆದರು. ಒಂದು ಕಾಲು ಕಿರುಗುಟ್ಟುತ್ತ ಜರುಗಿತು, ಆಮೇಲೆ ಇನ್ನೊಂದು. ಒಂದು ಸಣ್ಣ ಇಲಿ ಚಂಗನೆ ಹೊರಬಂದು ಉಗ್ರಾಣದ ಕಡೆ ಓಡಿತು. ಡೆಲ್ಫೀನ್ ಟಾರ್ಚು ಹಾಕಿ ಮಂಡಿಯೂರಿದಳು.

ಕೊರೀನ್ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದಳು. "ಅಯ್ಯೋ ದೇವರೇ," ಎಂದು ಫೋನಿನ ಕಡೆ ಓಡಿದಳು. ಆಸ್ಪತ್ರೆಯ ನಂಬರು ಒತ್ತುವ ಸದ್ದು ಕೇಳುತ್ತಿತ್ತು.

ಗೋಡೆಯ ಬುಡದಲ್ಲಿ, ಧೂಳಿನ ನಡುವೆ, ಚಿನ್ನದ ಬಣ್ಣದ ಎರಡು ಕಾಗದದ ಬಟ್ಟಲುಗಳಿದ್ದವು. ಒಂದೊಂದರಲ್ಲೂ ಒಂದು ಹಸಿರು ಬಿಲ್ಲೆ. ಒಂದರ ಅಂಚನ್ನು ಇಲಿ ಕಡಿದು ಹಲ್ಲಿನ ಗುರುತು ಬಿಟ್ಟಿತ್ತು. ಇನ್ನೊಂದನ್ನು ಇನ್ನೂ ಮುಟ್ಟಿರಲಿಲ್ಲ. ಅದರ ನೆತ್ತಿಯ ಮೇಲೆ, ಸರಿಯಾಗಿ ನಡುವಿಗೆ ಒತ್ತಿ ಕೂರಿಸಿದ, ಚಿಪ್ಪಿನ ಒಂದು ಚೂರೂ ಇಲ್ಲದ ಅರ್ಧ ಪೆಕಾನ್ ಇತ್ತು.