ದೊಡ್ಡಮುನಿಯಮ್ಮ ಗುಡ್ಡ ಕಾದದ್ದು

ತಾಯಲೂರಿಗೆ ಎರಡು ಮೈಲಿ ದೂರದ ಹಳ್ಳಿಯಲ್ಲಿ ದೊಡ್ಡಮುನಿಯಮ್ಮ ಊರ ಹಿಂದಿನ ಗುಡ್ಡದಲ್ಲಿ ಸೌದೆ ಕಡಿದು, ಮುಳಬಾಗಿಲಿನ ಹೋಟೆಲುಗಳಿಗೆ ಹಾಕಿ ಬದುಕುತ್ತಿದ್ದಳು. ತಂಗಿ ಆಂಜಿನಮ್ಮನೂ ಅದೇ ಊರಿಗೆ ಸೊಸೆಯಾಗಿ ಬಂದಿದ್ದಳು. ಇಪ್ಪತ್ತು ವರ್ಷ ಇಬ್ಬರೂ ಜೊತೆಗೇ ಗುಡ್ಡ ಹತ್ತಿದ್ದರು. ಮೊದಲು ಗಳಿಗೆಯಲ್ಲಿ ತುಂಬುತ್ತಿದ್ದ ಹೊರೆಗೆ ಈಚೆಗೆ ಅರ್ಧ ದಿನ ಬೇಕಾಗುತ್ತಿತ್ತು.

೧೯೮೩ರ ಬೇಸಗೆಯಲ್ಲಿ ಕೋಲಾರದಿಂದ ಒಂದು ಸೇವಾಸಂಸ್ಥೆಯ ಕಡೆಯವನಾಗಿ ಕದಿರೇಶ ಬಂದ. ಅದು ಘಟ್ಟದ ಮಳೆಕಾಡಿನ ಹಳ್ಳಿಗಳಲ್ಲಿ ಹಲವು ವರ್ಷ ಕೆಲಸ ಮಾಡಿದ್ದ ಸಂಸ್ಥೆ. ಕಾಡೂ ಉಳಿಯಬೇಕು, ಅದನ್ನು ನಂಬಿದ ಜನವೂ ಬದುಕಬೇಕು ಎನ್ನುವುದು ಅವರ ಮಾತು. ಕದಿರೇಶ ಶಾಲೆಯ ಜಗಲಿಯಲ್ಲಿ ಹೆಂಗಸರನ್ನು ಕೂರಿಸಿ ಚಿತ್ರಪಟ ಬಿಚ್ಚಿದ. ಆಕಾಶ ಮುಟ್ಟುವ ಮರಗಳು, ಬಳ್ಳಿಗಳು, ಜೇನು.

“ಇದ್ಯಾವ ಊರು ಸಾರ್?” ದೊಡ್ಡಮುನಿಯಮ್ಮ ಕೇಳಿದಳು. “ನಮ್ಮ ಗುಡ್ಡದಾಗೆ ನನ್ನ ಸೊಂಟ ದಾಟಿ ಬೆಳೆದಿರೋ ಗಿಡ ಒಂದೂ ಇಲ್ವಲ್ಲ?”

“ಚಿತ್ರ ಬೇರೆ ಕಡೇದಮ್ಮ, ಪಾಠ ಒಂದೇ. ಹಸಿ ಗಿಡ ಕಡೀಬಾರ್ದು, ಬಿದ್ದ ಸೌದೆ ಮಾತ್ರ ಆಯ್ಕೋಬೇಕು.”

“ಇಲ್ಲಿ ಬೀಳೋ ತನಕ ಯಾರು ಬಿಡ್ತಾರೆ?”

ಎಲ್ಲರೂ ನಕ್ಕರು. ಆದರೂ ಸಂಘವಾಯಿತು. ಹೊಲದ ಬದುಗಳಲ್ಲಿ ಸಿಗುವ ಸೀತಾಫಲ, ಹೊಂಗೆಬೀಜಗಳನ್ನು ಒಟ್ಟಾಗಿ ಮಾರುವುದು. ಮೂರು ವರ್ಷ ಯಾರೂ ಕುಡುಗೋಲು ಹಿಡಿದು ಗುಡ್ಡ ಹತ್ತುವಂತಿಲ್ಲ. ಕಾವಲಿಗೆ, ಹೆಚ್ಚು ಪ್ರಶ್ನೆ ಕೇಳಿದವಳೆಂದು, ದೊಡ್ಡಮುನಿಯಮ್ಮನನ್ನೇ ಆರಿಸಿದರು. “ನಂಗಿನ್ನೂ ಅರ್ಥಾನೇ ಆಗಿಲ್ಲ” ಎಂದು ಅವಳು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಿನ್ನೆಯವರೆಗೆ ಕಡಿಯುತ್ತಿದ್ದವಳು ಇಂದಿನಿಂದ ಕಡಿಯುವವರನ್ನು ಗದರಿಸಬೇಕಾಯಿತು. ಕಾವಲಿಗೆಂದು ಸಂಘದವರು ಕೊಡುವ ರಾಗಿ ಮನೆಗೆ ಬರುತ್ತಿತ್ತು. ತಿಂಗಳು ಕಳೆಯುವುದರೊಳಗೆ ಒಂದು ಬೆಳಗ್ಗೆ ಬಂಡೆಯ ಹಿಂದೆ ಸದ್ದಾಯಿತು. ಹೋಗಿ ನೋಡಿದರೆ ಆಂಜಿನಮ್ಮ, ಎಳೆಯ ಹೊಂಗೆಯ ಬುಡಕ್ಕೆ ಕುಡುಗೋಲು ಹಾಕುತ್ತಿದ್ದಳು.

“ಏಮೇ, ನೀನೇನಾ?”

“ನಾನೇ ಕಣಕ್ಕ. ಮುದ್ದೆಗೆ ಎಸರಿಡ್ಬೇಕು, ಮನೇಲಿ ಒಂದು ಕಡ್ಡಿ ಇಲ್ಲ. ನಿನ್ನ ಸಂಘ ಬಂದು ಉರಿ ಹಾಕ್ತದಾ?”

ಬಿಟ್ಟರೆ ನಾಳೆ ಊರೇ ಬರುತ್ತದೆ. ಬಿಡದಿದ್ದರೆ ತಂಗಿಯ ಒಲೆ ಹತ್ತುವುದಿಲ್ಲ. ಯಾವುದು ಸರಿ ಎಂದು ತಿಳಿಯುವ ಮೊದಲೇ ಅವಳ ಕೈ ಕುಡುಗೋಲನ್ನು ಕಿತ್ತುಕೊಂಡಿತ್ತು. ಆಮೇಲೆ ತಾಳಲಾರದೆ ತನ್ನ ಹಿತ್ತಿಲಿನ ತೊಗರಿ ಕಡ್ಡಿಯನ್ನೆಲ್ಲ ಹೊತ್ತು ತಂಗಿಯ ಬಾಗಿಲಿಗೆ ಹಾಕಿದಳು. ಆಂಜಿನಮ್ಮ ಅದನ್ನು ಬೀದಿಗೆ ಎಸೆದಳು.

ಶನಿವಾರದ ಸಭೆಯಲ್ಲಿ ದೊಡ್ಡಮುನಿಯಮ್ಮ ಕುಡುಗೋಲನ್ನು ಕದಿರೇಶನ ಮುಂದಿಟ್ಟಳು.

“ನೀವೇ ಹೇಳಿ ಸಾರ್. ನಾನು ಗುಡ್ಡ ಉಳಿಸಿದ್ನಾ, ತಂಗೀನ ಕಳ್ಕೊಂಡ್ನಾ? ತಲೆ ಕೆಟ್ಟೋಗೈತೆ.”

ಕದಿರೇಶ ತನ್ನ ಕಾಗದಗಳನ್ನು ತಿರುವಿದ. ಅಲ್ಲಿ ಮಳೆಕಾಡಿನ ನಿಯಮಗಳಿದ್ದವು. ಒಣಗಿ ಬಿದ್ದ ಸೌದೆ ರಾಶಿರಾಶಿಯಾಗಿ ಸಿಗುವ ಹಳ್ಳಿಗಳ ನಿಯಮಗಳು. ಅವನ ಮುಖ ಸಣ್ಣದಾಯಿತು.

“ನಂಗೂ ಗೊತ್ತಿಲ್ಲಮ್ಮ,” ಎಂದ. “ಇಲ್ಲಿ ಒಲೆಗೆ ಏನು ಹಾಕ್ತೀರಿ ಅಂತ ನಾನು ಕೇಳಲೇ ಇಲ್ಲ.”

ಆ ಮಾತಿಗೆ ಹೆಂಗಸರು ಹತ್ತಿರ ಸರಿದು ಕೂತರು. ಮಧ್ಯಾಹ್ನದವರೆಗೆ ಜಗಳವೇ ನಡೆಯಿತು. ಕೊನೆಗೆ ದೊಡ್ಡಮುನಿಯಮ್ಮನೇ ತಡವರಿಸುತ್ತ ಒಂದು ದಾರಿ ಹೇಳಿದಳು: ಗುಡ್ಡವನ್ನು ನಾಲ್ಕು ಪಾಲು ಮಾಡೋಣ, ಸರದಿಯಂತೆ ಮೂರನ್ನು ಮುಚ್ಚೋಣ, ಒಂದರಲ್ಲಿ ವಾರಕ್ಕೆರಡು ದಿನ ಕೊಂಬೆ ಮಾತ್ರ ಕಡಿಯೋಣ, ಬುಡ ಮುಟ್ಟೋದು ಬೇಡ. ಕದಿರೇಶ ಹಳೆಯ ನಿಯಮಗಳನ್ನು ಹೊಡೆದುಹಾಕಿ ಅದನ್ನು ಬರೆದುಕೊಂಡ.

ಎರಡನೆಯ ವರ್ಷಕ್ಕೆ ಮುಚ್ಚಿದ ಪಾಲುಗಳಲ್ಲಿ ಹೊಂಗೆ ಆಳೆತ್ತರ ಬಂತು. ಸೀತಾಫಲದ ಬುಟ್ಟಿಗಳು ಬಸ್ಸಿನ ಮೇಲೇರಿ ಮುಳಬಾಗಿಲಿಗೆ ಹೋದವು. ಆಂಜಿನಮ್ಮ ತೆರೆದ ಪಾಲಿನಲ್ಲಿ ಕೊಂಬೆ ಕಡಿಯುತ್ತಿದ್ದಳು, ಅಕ್ಕನ ಜೊತೆ ಮಾತು ಮಾತ್ರ ಇರಲಿಲ್ಲ.

ಆ ಭಾದ್ರಪದದಲ್ಲಿ ಒಂದು ದಿನ ಅವಳು ಬುಟ್ಟಿ ಇಳಿಸಿ ಅಕ್ಕನ ಪಕ್ಕ ನಿಂತಳು.

“ಮೇಲಿನ ಪಾಲು ಯಾವಾಗ ತೆರೀತೀಯ?”

“ಬರೋ ವರ್ಷ.”

“ಬೇಡ,” ಎಂದಳು ಆಂಜಿನಮ್ಮ. “ಅಲ್ಲಿ ನವಿಲು ಮೊಟ್ಟೆ ಇಟ್ಟೈತೆ.” ಬುಟ್ಟಿ ಎತ್ತಿಕೊಂಡು ಇಳಿದೇ ಹೋದಳು.

ರಾಜಿಯಾಯಿತೋ, ಇಲ್ಲ ಹೊಸ ಜಗಳವೋ, ದೊಡ್ಡಮುನಿಯಮ್ಮನಿಗೆ ತಿಳಿಯಲಿಲ್ಲ. ನೋಡೋಣವೆಂದು ಮೇಲಿನ ಪಾಲಿನ ಕಡೆ ಹತ್ತಿದಳು.