ನಾಲ್ಕು ಬೆರಳು ಅಗಲ

ನನ್ನ ಗಂಡ ಅಮಾತೆಪ್ಪನವರನ್ನು ಕೆಟ್ಟ ಮನುಷ್ಯ ಎಂದು ಯಾರೂ ಹೇಳಲಾರರು. ಅದೇ ನನ್ನ ಸಂಕಟ. ಕೆಟ್ಟವರಾಗಿದ್ದರೆ ಬೈದು ಹಗುರಾಗುತ್ತಿದ್ದೆ. ನಾರಾಯಣಪುರದ ಕಾಲುವೆ ಕಚೇರಿಯಲ್ಲಿ ಗುಮಾಸ್ತರಾಗಿ ಇಷ್ಟು ವರ್ಷ ಕಳೆದರು, ಒಬ್ಬರ ಮುಂದೆಯೂ ದನಿ ಎತ್ತಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವುದು ಅವರ ಬಾಯಲ್ಲಿ ಸದಾ ಇರುವ ಮಾತು. ನಾನು ಮಲ್ಲಾಬಾಯಿ, ಕೆಂಭಾವಿಯ ಶಾಲೆಯಲ್ಲಿ ಟೀಚರ್. ನನ್ನ ಬಾಯಿ ಜೋರು ಅಂತ ಮಕ್ಕಳಿಗೂ ಗೊತ್ತು, ಅವರಪ್ಪಂದಿರಿಗೂ ಗೊತ್ತು. ಆದರೆ ಕಾರಿನ ಗಾಲಿಯ ವಿಷಯದಲ್ಲಿ ನಡೆದದ್ದು ಗಂಡನ ಮಾತು.

ಕಾರು ನಮ್ಮ ಮಾವ ಚಂದ್ರಾಮಪ್ಪನವರದು. ನಾರಾಯಣಪುರದ ಅಣೆಕಟ್ಟು ಕಟ್ಟುವ ಕಾಲದಲ್ಲಿ ಅವರು ಒಬ್ಬ ಎಂಜಿನಿಯರ್ ಸಾಹೇಬರ ಡ್ರೈವರ್ ಆಗಿದ್ದರು. ಸಾಹೇಬರಿಗೆ ಹಳೆಯ ಗಾಡಿಗಳ ಶೋಕಿ. ಅವರ ಬಳಿ ಒಂದು ಕೆಂಪು ಎಂ.ಜಿ. ಕಾರಿತ್ತು. ಇಬ್ಬರೇ ಕೂರಬಹುದು, ತಲೆಯ ಮೇಲೆ ಟಾಪಿಲ್ಲ, ಸೈಕಲ್ಲಿನ ಹಾಗೆ ಕಡ್ಡಿಗಳಿರುವ ತೆಳ್ಳನೆಯ ಗಾಲಿ. ಕಾಲುವೆಗೆ ನೀರು ಬಂದ ವರ್ಷ ಸಾಹೇಬರಿಗೆ ವರ್ಗವಾಯಿತು. ಹೋಗುವಾಗ ಕಾರನ್ನು ಮಾವನ ಕೈಗೇ ಕೊಟ್ಟು ಹೋದರು. ಮಾವ ಅದನ್ನು ಮಗನಿಗಿಂತ ಹೆಚ್ಚು ಜೋಪಾನ ಮಾಡಿದರು. ನನ್ನ ಮಗಳು ಗೌತಮಿಗೆ ಕಾಲುವೆ ದಂಡೆಯ ದಾರಿಯಲ್ಲಿ ಅದನ್ನು ನಡೆಸಲು ಕಲಿಸಿದವರೂ ಅವರೇ. ಈ ಗಾಡಿ ಕೌದಿ ಹಾಸಿದಷ್ಟು ಜಾಗದಲ್ಲಿ ತಿರುಗುತ್ತದೆ ಎಂದು ಕೊಚ್ಚಿಕೊಳ್ಳುತ್ತಿದ್ದರು. ಮದುವೆ ದಿನ ನೀನೇ ಇದನ್ನು ನಡೆಸಿಕೊಂಡು ಗೌಡರ ಓಣಿಯಿಂದ ಹೋಗಬೇಕು ಎಂದು ಮೊಮ್ಮಗಳಿಗೆ ಹೇಳುತ್ತಿದ್ದರು. ಅವಳು ಅದನ್ನು ಮರೆಯಲಿಲ್ಲ.

ಗೌಡರ ಓಣಿ ಎಂದರೆ ಏನು ಎಂದು ಹೇಳಬೇಕು. ನಮ್ಮ ಊರಿನ ಹೆಸರು ಬೇಡ, ಯಾವ ಊರಾದರೂ ಅಷ್ಟೇ. ನಮ್ಮ ಕೇರಿಯಿಂದ ಡಾಂಬರು ರಸ್ತೆಗೆ ಹೋಗಲು ಎರಡು ದಾರಿಗಳಿವೆ. ಕೇರಿಯ ಬಾಯಿಗೆ ಬಂದು ಎಡಕ್ಕೆ ಗಕ್ಕನೆ ತಿರುಗಿದರೆ ಗೌಡರ ಓಣಿ, ಮುಂದೆ ಹಣಮಪ್ಪನ ಗುಡಿ, ಅದರಾಚೆ ಬಸ್ಸು ನಿಲ್ಲುವ ಜಾಗ. ತಿರುಗದೆ ನೇರ ಹೋದರೆ ಹೊಲಗಾಲುವೆ. ಅದನ್ನು ದಾಟಲು ಎರಡು ಉದ್ದನೆಯ ಕಲ್ಲು ಹಾಸಿದ್ದಾರೆ. ಬಂಡಿಯ ಎರಡು ಗಾಲಿಗೆ ಎರಡು ಕಲ್ಲು, ನಡುವೆ ನೀರು. ದಾಟಿದರೆ ಊರ ಹಿಂದಿನ ಹೊಲದ ದಾರಿ. ಗೌಡರ ಓಣಿಯಲ್ಲಿ ನಾವು ನಡೆಯಬಹುದು, ಕೂಲಿಗೆ ಹೋಗಬಹುದು. ಏನನ್ನಾದರೂ ಹತ್ತಿ ಹೋಗುವ ಹಾಗಿಲ್ಲ. ನಮ್ಮ ಕೇರಿಯ ಹುಲಗಪ್ಪ ಮದುಮಗನಾಗಿ ಅಲ್ಲಿ ಕುದುರೆ ಹತ್ತಿ ಹೋದ. ಕಲ್ಲು ಬಿದ್ದವು. ಆಮೇಲೆ ಗೌಡರು ನಮ್ಮ ಹೊಲಗಳಿಗೆ ನೀರು ಬಿಡುವ ಕಾಲುವೆಯ ತೂಬು ಮುಚ್ಚಿಸಿದರು. ಆ ಸಲ ನಮ್ಮವರ ಹೊಲದ ಶೇಂಗಾ ಒಣಗಿ ಹೋಯಿತು. ಹೀಗಾಗಿ ಮಾವ ಸಾಯುವ ತನಕ ಕಾರನ್ನು ಬಸ್ಸು ನಿಲ್ಲುವಲ್ಲೇ ಬಿಟ್ಟು ಮನೆಗೆ ನಡೆದು ಬರುತ್ತಿದ್ದರು. ಹಿಂದಿನ ದಾರಿಯಿಂದ ತರೋಣವೆಂದರೆ ಎಂ.ಜಿ. ಕಾರಿನ ಗಾಲಿಗಳ ನಡುವಿನ ಅಂತರ ಬಂಡಿಗಿಂತ ಕಡಿಮೆ. ಒಂದು ಗಾಲಿ ಕಲ್ಲಿನ ಮೇಲಿದ್ದರೆ ಇನ್ನೊಂದು ನೀರಿಗೆ ಬೀಳುತ್ತದೆ.

ಗೌತಮಿಗೆ ಯಾದಗಿರಿಯ ಭೀಮಶಾನ ಜೊತೆ ಮದುವೆ ಗೊತ್ತಾಯಿತು. ಮಾವ ತೀರಿಕೊಂಡ ಮೇಲೆ ಕಾರು ನಾರಾಯಣಪುರದಲ್ಲಿ ನನ್ನ ಗಂಡನ ಕಚೇರಿಯ ಹಿಂದೆ ಇಟ್ಟಿಗೆಯ ಮೇಲೆ ನಿಂತಿತ್ತು. ಟೈರು ಬಿರಿದು ಹೋಗಿದ್ದವು. ಸುರಪುರದ ಮೆಕ್ಯಾನಿಕ್ ಅಬ್ದುಲ್ ಕರೀಮ ಅದನ್ನು ತನ್ನ ಅಂಗಡಿಗೆ ಎಳೆಸಿಕೊಂಡು ಹೋಗಿ ರಿಪೇರಿ ಮಾಡಿದ. ಟೈರು ಆರಿಸಲು ನಾವು ಮೂವರೂ ಹೋದೆವು.

ಕರೀಮಭಾಯಿ ಎರಡು ಬಗೆಯ ಟೈರುಗಳನ್ನು ಗೋಡೆಗೆ ಒರಗಿಸಿದ್ದ. ಒಂದು ಹೈದರಾಬಾದಿನಿಂದ ತರಿಸಿದ್ದು, ಐದೂವರೆ ಇಂಚಿನದು, ಹಳೆಯ ಕಡ್ಡಿ ಗಾಲಿಗೇ ಕೂರುತ್ತದೆ. ಇನ್ನೊಂದು ಏಳು ಇಂಚಿನದು. ಅದಕ್ಕೆ ಅಗಲದ ತಗಡಿನ ಗಾಲಿ ಬೇಕು, ಶಹಾಪುರದ ಲೇತ್ ಯಂತ್ರದಲ್ಲಿ ಗಾಲಿಗೊಂದು ಕಬ್ಬಿಣದ ಬಿಲ್ಲೆ ಕೊರೆಸಿ ಗಾಲಿಯನ್ನು ಹೊರಗೆ ಸರಿಸಿ ಕೂರಿಸಬೇಕು. ಆಗ ಎರಡೂ ಕಡೆ ನಾಲ್ಕು ನಾಲ್ಕು ಬೆರಳು ಅಗಲವಾಗುತ್ತದೆ. ಗೌತಮಿ ತೆಳ್ಳನೆಯ ಟೈರಿನ ಮೇಲೆ ಕೈ ಇಟ್ಟು ಇದೇ ಬೇಕು ಎಂದಳು. ತಾತನ ಗಾಡಿ ತಾತನ ಗಾಡಿಯ ಹಾಗೇ ಇರಲಿ, ಸ್ಟೇರಿಂಗು ಹಗುರ ಇರುತ್ತದೆ ಎಂದಳು. ನಾನೂ ಹೌದೆಂದೆ. ಇವರು ನಮ್ಮನ್ನು ಚಹಾ ಕುಡಿಯಲು ಕಳಿಸಿ ಕರೀಮಭಾಯಿಯ ಜೊತೆ ನಿಂತರು. ನಾವು ತಿರುಗಿ ಬರುವಷ್ಟರಲ್ಲಿ ಅಗಲದ ಟೈರಿಗೆ ಮಾತಾಗಿತ್ತು. ಕರೀಮಭಾಯಿ ನಮ್ಮ ಮುಖ ನೋಡದೆ ಕೈ ಒರೆಸಿಕೊಳ್ಳುತ್ತಿದ್ದ.

ಬಸ್ಸಿನಲ್ಲಿ ಇವರು ಬಿಡಿಸಿ ಹೇಳಿದರು. ಕಲ್ಲಿನ ಅಂತರವನ್ನು ತಾವೇ ಅಳೆದು ನೋಡಿದ್ದರಂತೆ. ಅಗಲದ ಗಾಲಿಯಾದರೆ ಕಾರು ಎರಡೂ ಕಲ್ಲಿನ ಮೇಲೆ ಸರಿಯಾಗಿ ಬರುತ್ತದಂತೆ, ಊರ ಹಿಂದಿನಿಂದ ಕೇರಿಗೆ ಬಂದು ಹಿಂದಿನಿಂದಲೇ ಹೋಗಬಹುದಂತೆ. ಮಗಳು ಕಾರಿನಲ್ಲಿ ಹೋದ ಹಾಗೂ ಆಯಿತು, ಯಾರ ಕಣ್ಣಿಗೂ ಬೀಳದ ಹಾಗೂ ಆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ ಅಲ್ಲವೇ? ರೋಗ ಓಣಿಗೆ ಬಂದಿದೆ, ಬರೆ ಕಾರಿಗೆ ಹಾಕಿಸಿದ್ದೀರಿ ಎಂದೆ. ಸುತ್ತ ಕೂತವರು ತಿರುಗಿ ನೋಡಿದರು. ಇವರು ಕಿಟಕಿಯ ಹೊರಗೆ ನೋಡುತ್ತ ಕೂತರು. ಗೌತಮಿ ಆಗಲೇ ಮನಸ್ಸಿನಲ್ಲಿ ಬೇರೆಯೇ ನಿಶ್ಚಯ ಮಾಡಿದ್ದಳೆಂದು ನನಗೆ ಗೊತ್ತಾಗಲಿಲ್ಲ.

ಕಾರು ಹಿಂದಿನ ದಾರಿಯಿಂದಲೇ ಹೋಗುತ್ತದೆಂಬ ಸುದ್ದಿ ಊರಿಗೆ ಮುಟ್ಟಿತು. ಸಂತೆಯ ದಿನ ಗೌಡರು ಕೆಂಭಾವಿಯಲ್ಲಿ ಇವರಿಗೆ ಎದುರಾದರು. ನಾಲ್ಕು ಜನರ ಮುಂದೆ ಇವರ ಬೆನ್ನು ತಟ್ಟಿದರು.

"ಅಮಾತೆಪ್ಪ ತಿಳಿದಾಂವ. ಊರಿನ ಮರ್ಯಾದಿ ಇಟ್ಟಾನ."

ಇವರು ಕೈ ಮುಗಿದು "ಹೌದ್ರಿ" ಎಂದರು. ಮನೆಗೆ ಬಂದವರೇ ಅದನ್ನು ನನಗೆ ಖುಷಿಯಿಂದ ಹೇಳಿದರು. ಬೆನ್ನಿನ ಮೇಲೆ ಹೊಡೆಸಿಕೊಂಡು ಬಂದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಮದುವೆಯ ಬೆಳಿಗ್ಗೆ ಇವರೇ ಕಾರು ತಂದರು. ಕಲ್ಲುಗಳ ಮೇಲೆ ಅದು ಅಳೆದು ಮಾಡಿದ ಹಾಗೆ ದಾಟಿತು. ಕೇರಿಯವರೆಲ್ಲ ಚಪ್ಪಾಳೆ ತಟ್ಟಿದರು. ಅತ್ತೆ ಲಾಲಮ್ಮ ಕಾರಿನ ಮೂತಿ ಸವರಿ ಗಂಡನನ್ನು ನೆನೆದು ಅತ್ತರು. ಬುದ್ಧರ, ಬಾಬಾಸಾಹೇಬರ ಫೋಟೋದ ಮುಂದೆ ಮದುವೆ ಚೆನ್ನಾಗಿ ಆಯಿತು. ಊಟವಾದ ಮೇಲೆ ಗೌತಮಿ ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ಸ್ಟೇರಿಂಗಿನ ಮುಂದೆ ಕೂತಳು. ಭೀಮಶಾ ನಗುತ್ತ ಪಕ್ಕದಲ್ಲಿ ಕೂತ. ಅವನಿಗೆ ಗಾಡಿ ನಡೆಸಲು ಬರುವುದಿಲ್ಲ. ಹಲಗೆ ಬಾರಿಸುವವರು ಹಿಂದೆ, ನಾವೆಲ್ಲ ಅವರ ಹಿಂದೆ.

ಕೇರಿಯ ಬಾಯಿಗೆ ಬಂದ ಕೂಡಲೇ ಅವಳು ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದಳು. ಗೌಡರ ಓಣಿಯ ಕಡೆಗೆ. ಸುಳ್ಳೇಕೆ ಹೇಳಲಿ, ಹೆದರಿಕೆಯೂ ಆಯಿತು, ಸಂತೋಷವೂ ಆಯಿತು. ಕಾರು ಅರ್ಧ ತಿರುಗಿತು. ಆಮೇಲೆ ಕರ್ ಎಂದು ಸದ್ದು ಮಾಡಿ ನಿಂತುಬಿಟ್ಟಿತು. ಅಗಲದ ಟೈರು ಮಡಗಾರ್ಡಿಗೆ ಒತ್ತಿ ಹಿಡಿದಿತ್ತು. ಅವಳು ಹಿಂದಕ್ಕೆ ತೆಗೆದು ಮತ್ತೆ ತಿರುಗಿಸಿದಳು. ಮತ್ತೆ ಅದೇ ಸದ್ದು, ಮಡಗಾರ್ಡಿನ ಕೆಂಪು ಬಣ್ಣ ಎದ್ದು ಬಂತು. ಮುಂದೆ ಗೌಡರ ಹಿತ್ತಲ ಗೋಡೆ, ಹಿಂದೆ ಬೇವಿನ ಕಟ್ಟೆ. ಹಲಗೆ ನಿಂತಿತು. ಓಣಿಯ ಕಟ್ಟೆಯ ಮೇಲೆ ಕೂತವರಲ್ಲಿ ಯಾರೋ ನಕ್ಕರು.

ಇವರು ಓಡಿ ಹೋಗಿ ಕಾರಿನ ಮೂತಿಯ ಮೇಲೆ ಕೈ ಇಟ್ಟರು.

"ನೆಟ್ಟಗ ಹೋಗವ್ವ. ಕಲ್ಲು ಅದಾವಲ್ಲ."

"ಅಪ್ಪ, ಇದು ಯಾಕ ತಿರುಗವಲ್ದು?"

ಇವರು ಮತ್ತೆ ಕಲ್ಲಿನ ಕಡೆಗೇ ಕೈ ತೋರಿಸಿದರು. ಅವಳು ಮದುವೆಗೆ ಬಂದು ಜನರ ನಡುವೆ ನಿಂತಿದ್ದ ಕರೀಮಭಾಯಿಯನ್ನು ನೋಡಿದಳು. ಅವನು ತಲೆ ತಗ್ಗಿಸಿಯೇ ಹೇಳಿದ.

"ನಾ ಹೇಳಿದ್ದೆನವ್ವ, ಈ ಗಾಲಿ ಹಾಕಿದ್ರ ಪೂರಾ ತಿರುಗಂಗಿಲ್ಲ ಅಂತ. ತಿರುಗೂದೇ ಬ್ಯಾಡ, ಹಂಗೇ ಹಾಕು ಅಂದ್ರು ನಿಮ್ಮಪ್ಪ."

ಗೌತಮಿ ಅಪ್ಪನ ಮುಖವನ್ನೇ ನೋಡಿದಳು. ಮಗಳು ಯಾವ ಕಡೆ ತಿರುಗುತ್ತಾಳೆಂದು ಇವರಿಗೆ ಮೊದಲೇ ಗೊತ್ತಿತ್ತು. ಅವಳಿಗೆ ಬೇಡ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಸಾಲದೆ ಕಾರಿನಿಂದ ಹೇಳಿಸಿದ್ದರು. ಅವಳಿಗೂ ಅದು ಅರ್ಥವಾಯಿತು. ಇಂಜಿನ್ ಬಂದ್ ಮಾಡಿ ಇಳಿದಳು. ಕೀಲಿಯನ್ನು ಕಾರಿನ ಮೂತಿಯ ಮೇಲೆ, ಅಪ್ಪನ ಕೈಯ ಪಕ್ಕದಲ್ಲಿ ಇಟ್ಟಳು. ಭೀಮಶಾನನ್ನು ಕರೆದುಕೊಂಡು ಗೌಡರ ಓಣಿಯಲ್ಲಿ ನಡೆದು ಹೊರಟಳು. ನಡೆಯುವುದಕ್ಕೆ ಅಲ್ಲಿ ಯಾರ ಅಡ್ಡಿಯೂ ಇಲ್ಲವಲ್ಲ. ಬಸ್ಸು ಹತ್ತುವ ತನಕ ಹಿಂದೆ ನೋಡಲಿಲ್ಲ.

ಕಲ್ಲು ಬೀಳಲಿಲ್ಲ. ಆದರೆ ಅವಳು ತಿರುಗಿಸಲು ನೋಡಿದ್ದಕ್ಕೇ ಮರುದಿನ ತೂಬು ಮುಚ್ಚಿದರು. ಇವರು ಹೊಲದಿಂದ ಬಂದು, ನೋಡಿದ್ಯಾ, ನಾ ಹೇಳಿದ್ದೇ ಆಯಿತು ಎಂದರು. ಆ ದನಿಯಲ್ಲಿ ಸಮಾಧಾನ ಇತ್ತು! ತಮ್ಮ ಹೆದರಿಕೆ ಸುಳ್ಳಾಗಲಿಲ್ಲ ಎಂಬ ಸಮಾಧಾನ. ನಾನು ಬಾಯಿ ತೆಗೆಯುವ ಮೊದಲೇ ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆ ಮಾತಾಡಿದರು.

"ನೀರು ಇಂದಿಲ್ಲ ನಾಳಿ ಬಿಡ್ತಾರಪ್ಪ. ಮಗಳು ಬರ್ತಾಳೇನು?"

ನೀರು ಬಿಟ್ಟರು. ಗೌತಮಿ ಬರಲಿಲ್ಲ. ಹೆಣ್ಣುಮಕ್ಕಳು ತವರಿಗೆ ಬರುವ ನಾಗರ ಪಂಚಮಿ ಎರಡು ಕಳೆದವು. ನಾನೇ ಯಾದಗಿರಿಗೆ ಹೋಗಿ ನೋಡಿ ಬರುತ್ತೇನೆ. ಅಪ್ಪ ಹೇಗಿದ್ದಾರೆ ಎಂದು ಕೇಳುತ್ತಾಳೆ, ಅಷ್ಟೇ. ಕಾರು ಈಗ ನಮ್ಮ ಅಂಗಳದಲ್ಲಿದೆ. ಮೊನ್ನೆ ಇವರು ಅದರ ಮುಂದೆ ಬಹಳ ಹೊತ್ತು ಕೂತಿದ್ದರು. ಆಮೇಲೆ ಒಳಗೆ ಬಂದು, ಕರೀಮಭಾಯಿಗೆ ಹೇಳಿ ಹಳೆಯ ಕಡ್ಡಿ ಗಾಲಿಯನ್ನೇ ಹಾಕಿಸಿದರೆ ಹೇಗೆ ಎಂದು ನನ್ನನ್ನು ಕೇಳಿದರು. ಆಗ ಪೂರಾ ತಿರುಗುತ್ತದಲ್ಲ ಎಂದರು.

"ತಿರುಗಿಸೂ ಮಗಳೇ ಹೋಗ್ಯಾಳಲ್ರಿ" ಎಂದೆ.

ಇವರು ಮತ್ತೆ ಹೊರಗೆ ಹೋಗಿ ಕಾರಿನ ಮೇಲೆ ತಾಡಪತ್ರಿ ಹೊದಿಸಿದರು.